ಪವರ್ ಮೆಟಲ್: ಮೊದಲು ಯಾವ ಆಲ್ಬಮ್ ಕೇಳಬೇಕು?

‘ಪವರ್ ಮೆಟಲ್ ಕೇಳಬೇಕಂತ ಮಾಡೇನಿ, ಆದರ ಒಬ್ಬೊಬ್ಬರು ಒಂದೊಂದು ಹೆಸರು ಹೇಳ್ತಾರ, ಯಾವುದರಿಂದ ಶುರು ಮಾಡ್ಲಿ?’ ಎಂಬ ಪ್ರಶ್ನೆಯನ್ನು ಹುಬ್ಬಳ್ಳಿ, ಧಾರವಾಡ, ಗದಗಿನ ಕಡೆಯ ಕಿರಿಯರಿಂದ ಎಷ್ಟೋ ಸಲ ಕೇಳಿದ್ದೇನೆ. ಇವರಲ್ಲಿ ಹೆಚ್ಚಿನವರು ಮನೆಯಲ್ಲಿ ಹಿಂದೂಸ್ತಾನಿ ಗಾಯನ ಕೇಳುತ್ತ ಬೆಳೆದವರು. ಕೆಲವರು ಸ್ವತಃ ತಬಲಾ ಅಥವಾ ಹಾರ್ಮೋನಿಯಂ ಕಲಿತವರು. ಅವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಜರ್ಮನಿಯ ಹ್ಯಾಲೋವೀನ್ ತಂಡದ ‘ಕೀಪರ್ ಆಫ್ ದ ಸೆವೆನ್ ಕೀಸ್’. ಆ ಉತ್ತರವನ್ನು ನಾನೂ ಬಹಳ ವರ್ಷ ಕಣ್ಣು ಮುಚ್ಚಿ ಕೊಡುತ್ತಿದ್ದೆ. ಈಗ ಕೊಡುವ ಮೊದಲು ಒಂದು ಮರುಪ್ರಶ್ನೆ ಹಾಕುತ್ತೇನೆ: ನಿಮ್ಮ ಕಿವಿ ಈಗಾಗಲೇ ಯಾವುದಕ್ಕೆ ಪಳಗಿದೆ? ಕಂಠಕ್ಕೋ, ಲಯಕ್ಕೋ, ಕಥೆಗೋ? ಒಂದು ಆಲ್ಬಮ್ ಎಷ್ಟೇ ದೊಡ್ಡದಿರಲಿ, ಕೇಳುಗನ ಕಿವಿಯಲ್ಲಿ ಅದಕ್ಕೊಂದು ಬಾಗಿಲು ಮೊದಲೇ ತೆರೆದಿರಬೇಕು.

ಈ ಸಂಗೀತದ ಪರಿಚಯವೇ ಇಲ್ಲದವರಿಗಾಗಿ ಎರಡು ಮಾತು. ಹೆವಿ ಮೆಟಲ್ಲಿನ ಭಾರವಾದ ಗಿಟಾರಿಗೆ ದ್ರುತ್ ಲಯ, ಎರಡೂ ಕಾಲುಗಳಿಂದ ಬಿಡುವಿಲ್ಲದೆ ಬಾರಿಸುವ ಬೇಸ್ ಡ್ರಮ್, ತಾರ ಸಪ್ತಕದಲ್ಲಿ ನಿರಾಯಾಸವಾಗಿ ಸಂಚರಿಸುವ ಕಂಠ, ಸಭೆಯೆಲ್ಲ ಒಂದಾಗಿ ಹಾಡಬಲ್ಲ ಪಲ್ಲವಿ ಮತ್ತು ವೀರ ಅಥವಾ ಅದ್ಭುತ ರಸದ ಕಥೆ ಇವು ಕೂಡಿದಾಗ ಪವರ್ ಮೆಟಲ್ ಆಗುತ್ತದೆ. ಇದರ ಬೇರುಗಳಲ್ಲೊಂದು ಇಂಗ್ಲೆಂಡಿನ ಐರನ್ ಮೇಡನ್ ತಂಡದಲ್ಲಿದೆ: ಎರಡು ಗಿಟಾರುಗಳು ಒಂದೇ ಧಾಟಿಯನ್ನು ಷಡ್ಜ–ಗಾಂಧಾರದಷ್ಟು ಅಂತರವಿಟ್ಟುಕೊಂಡು ಜೊತೆಯಾಗಿ ನುಡಿಸುವ ಪದ್ಧತಿಯನ್ನು ಪವರ್ ಮೆಟಲ್ಲಿನವರು ಆ ತಂಡದಿಂದ ಧಾರಾಳವಾಗಿ ಪಡೆದರು. ಐರನ್ ಮೇಡನ್ 2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದಾಗ ಹುಬ್ಬಳ್ಳಿಯಿಂದ ರಾತ್ರಿ ಬಸ್ಸು ಹಿಡಿದು ಹೋದವರಲ್ಲಿ ನಾನೂ ಒಬ್ಬ. ಈ ಸಂಗೀತವನ್ನು ಸಾವಿರಾರು ಜನ ಒಟ್ಟಿಗೆ ಹಾಡುವುದಕ್ಕೆಂದೇ ಕಟ್ಟುತ್ತಾರೆ ಎಂಬುದು ಅಂದು ಮನವರಿಕೆಯಾಯಿತು.

ಹೋಲಿಕೆಗೆ ಇಳಿಯುವ ಮುನ್ನ ಅಳತೆಗೋಲುಗಳನ್ನು ನಿಗದಿ ಮಾಡಿಕೊಳ್ಳುವುದು ಒಳ್ಳೆಯದು. ಮೊದಲನೆಯದು ಕಂಠ. ಗಂಗೂಬಾಯಿ ಹಾನಗಲ್ಲರ ಗಂಭೀರ ದನಿಗೆ ಒಗ್ಗಿದ ಕಿವಿಗೆ ಈ ಪ್ರಕಾರದ ತಾರಸ್ವರದ ಗಂಡು ಕಂಠ ಆರಂಭದಲ್ಲಿ ಚುಚ್ಚುವ ಸಾಧ್ಯತೆ ಇದೆ. ಆದ್ದರಿಂದ ಗಾಯಕ ಮೇಲಿನ ಸ್ವರವನ್ನು ಕಿರುಚಿ ಮುಟ್ಟುತ್ತಾನೋ ಹಾಡಿ ಮುಟ್ಟುತ್ತಾನೋ ಎಂಬುದನ್ನು ನೋಡಲೇಬೇಕು. ಎರಡನೆಯದು ಲಯದ ವೈವಿಧ್ಯ, ಏಕೆಂದರೆ ಮುಕ್ಕಾಲು ಗಂಟೆ ಒಂದೇ ಓಟದಲ್ಲಿ ಓಡುವ ಆಲ್ಬಮ್ ಎಂಥ ಉತ್ಸಾಹಿಯನ್ನೂ ದಣಿಸುತ್ತದೆ. ಮೂರನೆಯದು ಕಥೆ, ಅಂದರೆ ಸಾಹಿತ್ಯವನ್ನು ಕೈಯಲ್ಲಿ ಹಿಡಿದು ಕೇಳಿದರೆ ಸಿಗುವುದೆಷ್ಟು, ಹಿಡಿಯದಿದ್ದರೆ ಕಳೆದುಹೋಗುವುದೆಷ್ಟು ಎಂಬ ಲೆಕ್ಕ. ನಾಲ್ಕನೆಯದು ಅವಧಿ ಮತ್ತು ವೆಚ್ಚ. ಐದನೆಯದು ಪರಂಪರೆ: ಆ ಆಲ್ಬಮ್ ಬಂದ ಮೇಲೆ ಬೇರೆಯವರು ಏನು ಕಟ್ಟಿದರು ಎಂಬುದು. ಈ ಕೊನೆಯದನ್ನು ಹೊಸಬರು ಅಷ್ಟಾಗಿ ಹಚ್ಚಿಕೊಳ್ಳಬೇಕಿಲ್ಲವೆಂದು ಹಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಘರಾಣೆ ತಿಳಿಯದೆಯೂ ಗಾಯನ ಸವಿಯಬಹುದು, ತಿಳಿದರೆ ಸವಿಯುವ ಜಾಗಗಳು ಹೆಚ್ಚುತ್ತವೆ.

ಈಗ ಕೀಪರ್ ವಿಷಯಕ್ಕೆ ಬರೋಣ. 1984ರಲ್ಲಿ ಹ್ಯಾಂಬರ್ಗಿನಲ್ಲಿ ಹುಟ್ಟಿದ ಹ್ಯಾಲೋವೀನ್ ತಂಡದಲ್ಲಿ ಮೊದಲು ಗಿಟಾರ್ ನುಡಿಸುತ್ತಲೇ ಹಾಡುತ್ತಿದ್ದವರು ಕೈ ಹ್ಯಾನ್ಸೆನ್. ಎರಡನ್ನೂ ಒಟ್ಟಿಗೆ ನಿಭಾಯಿಸುವುದು ಕಷ್ಟವಾದಾಗ ಅವರು ಹುಡುಕಿ ತಂದದ್ದು ಮೈಕೆಲ್ ಕಿಸ್ಕೆ ಎಂಬ ಹದಿನೆಂಟರ ಹುಡುಗನನ್ನು. ಈ ಒಂದು ಆಯ್ಕೆ ಇಡೀ ಪ್ರಕಾರದ ದಿಕ್ಕನ್ನು ಬದಲಿಸಿತೆಂದರೆ ಉತ್ಪ್ರೇಕ್ಷೆಯಲ್ಲ. ತಂಡದವರು ಎರಡು ತಟ್ಟೆಗಳ ಒಂದೇ ಆಲ್ಬಮ್ ತರಬೇಕೆಂದಿದ್ದರು, ಆದರೆ ಧ್ವನಿಮುದ್ರಣ ಸಂಸ್ಥೆ ಅದಕ್ಕೆ ಒಪ್ಪದ ಕಾರಣ ಭಾಗ 1 1987ರಲ್ಲೂ ಭಾಗ 2 1988ರಲ್ಲೂ ಬಂದವು. ಹೀಗಾಗಿ ಕೀಪರ್ ಅನ್ನು ಆಯ್ದುಕೊಂಡವರಿಗೂ ಇನ್ನೊಂದು ಆಯ್ಕೆ ಉಳಿದೇ ಇರುತ್ತದೆ.

ಎರಡರ ವ್ಯತ್ಯಾಸಕ್ಕೆ ಕಾರಣ ಬಹುಮಟ್ಟಿಗೆ ಹಾಡು ಕಟ್ಟಿದವರಲ್ಲಿದೆ. ಭಾಗ 1ರ ಹೆಚ್ಚಿನ ಹಾಡುಗಳು ಹ್ಯಾನ್ಸೆನ್ ಅವರವು. ಒಬ್ಬನೇ ಮನುಷ್ಯನ ಮನೋಧರ್ಮ ಅದರಲ್ಲಿ ಹರಿದಿರುವುದರಿಂದ ಅದು ಬಿಗಿಯಾಗಿ, ಸುಮಾರು 37 ನಿಮಿಷಗಳಲ್ಲಿ, ಹದಿಮೂರು ನಿಮಿಷಗಳ ಒಂದು ದೀರ್ಘ ಹಾಡನ್ನೂ ಒಳಗೊಂಡು ಮುಗಿದುಬಿಡುತ್ತದೆ. ಭಾಗ 2ರಲ್ಲಿ ತಂಡದ ಇನ್ನೊಬ್ಬ ಗಿಟಾರ್ ವಾದಕ ಮೈಕೆಲ್ ವೈಕಾತ್, ಹ್ಯಾನ್ಸೆನ್, ಕಿಸ್ಕೆ ಮೂವರೂ ಬರೆದಿದ್ದಾರೆ. ವೈಕಾತ್ ಅವರ ‘ಈಗಲ್ ಫ್ಲೈ ಫ್ರೀ’ ಹಾರಿದರೆ ‘ಡಾಕ್ಟರ್ ಸ್ಟೈನ್’ ಕಚಗುಳಿ ಇಡುತ್ತದೆ. ಹ್ಯಾನ್ಸೆನ್ ಅವರ ‘ಐ ವಾಂಟ್ ಔಟ್’ ನೇರ ಸಿಡಿಯುತ್ತದೆ. ಬಿಗಿ ಬೇಕಾದವರಿಗೆ ಭಾಗ 1, ವೈವಿಧ್ಯ ಬೇಕಾದವರಿಗೆ ಭಾಗ 2 ಎಂದು ಸ್ಥೂಲವಾಗಿ ಹೇಳಬಹುದು. ಭಾಗ 1ರ ಮುದ್ರಣದಲ್ಲಿ ಆ ಕಾಲದ ಪ್ರತಿಧ್ವನಿಯ ಮೋಹ ಎದ್ದು ಕಾಣುತ್ತದೆ, ಮಂದ್ರ ಸ್ವರಗಳು ತೆಳುವಾಗಿವೆ. ಇಂದಿನ ತುಂಬಿದ ದನಿಗೆ ಒಗ್ಗಿದವರು ಇದನ್ನು ಕೊರತೆಯೆಂದೇ ಎಣಿಸುತ್ತಾರೆ.

ಸಂಗೀತ ಕಲಿತವರಿಗೆ ನಾನು ಮೊದಲು ಕೇಳಿಸುವುದು ‘ಈಗಲ್ ಫ್ಲೈ ಫ್ರೀ’. ಅದರ ನಡುವೆ ಗಿಟಾರುಗಳು ಒಂದಾದ ಮೇಲೊಂದು ತಮ್ಮ ಸರದಿ ನುಡಿಸುತ್ತವೆ. ಬಳಿಕ ಮಾರ್ಕಸ್ ಗ್ರಾಸ್‌ಕಾಫ್ ಅವರ ಬೇಸ್ ಗಿಟಾರಿಗೂ, ಇಂಗೊ ಶ್ವಿಕ್ಟೆನ್‌ಬರ್ಗ್ ಅವರ ಡ್ರಮ್ಮಿಗೂ ಒಂದೊಂದು ಅವಕಾಶ ಸಿಗುತ್ತದೆ. ಕಛೇರಿಯಲ್ಲಿ ಗಾಯಕ ತಬಲಾದವನ ಕಡೆ ತಿರುಗಿ ನಕ್ಕು ಜಾಗ ಬಿಟ್ಟುಕೊಡುವ ಗಳಿಗೆಯನ್ನು ಬಲ್ಲವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಕಿಸ್ಕೆಯ ದನಿಯ ವಿಚಾರದಲ್ಲೂ ಹಾಗೆಯೇ: ಆತ ಮೇಲಿನ ಸ್ವರದಲ್ಲಿ ನಿಲ್ಲುತ್ತಾನೆ, ಸ್ವರ ಅಲುಗುವುದಿಲ್ಲ, ಗಂಟಲು ಬಿಗಿದಂತೆಯೂ ಕೇಳಿಸುವುದಿಲ್ಲ. ಸವಾಯಿ ಗಂಧರ್ವರ ಕುಂದಗೋಳದಲ್ಲಿ ರಾತ್ರಿಯಿಡೀ ಕೂತು ಸ್ವರಕ್ಕೆ ಕಿವಿಗೊಟ್ಟವರು ಕಂಠದ ವಿಷಯದಲ್ಲಿ ಬೇಗ ತೃಪ್ತರಾಗುವವರಲ್ಲ. ಅಂಥವರೂ ಕಿಸ್ಕೆಯ ಸ್ವರಸ್ಥಾನಕ್ಕೆ ತಲೆದೂಗಿದ್ದನ್ನು ಕಂಡಿದ್ದೇನೆ. ಆದರೆ ಅದೇ ಹಿರಿಯರೊಬ್ಬರು ಡ್ರಮ್ಮಿನ ಬಗ್ಗೆ, ‘ಇವಂಗ ಯಾರರೆ ಬೆನ್ನು ಹತ್ಯಾರೇನು?’ ಎಂದು ಕೇಳಿದ್ದರು. ಆ ಪ್ರಶ್ನೆಗೆ ನನ್ನಲ್ಲಿ ಈವರೆಗೂ ಸರಿಯಾದ ಉತ್ತರವಿಲ್ಲ.

ಭಾಗ 2ರ ಕೊನೆಯಲ್ಲಿ ಬರುವ, ಹದಿಮೂರು ನಿಮಿಷಗಳನ್ನು ಮೀರುವ ಶೀರ್ಷಿಕೆಗೀತೆಯಲ್ಲಿ ಕೀಲಿಗಳ ಕಾವಲುಗಾರ ಒಂದೊಂದೇ ಕೀಲಿಯನ್ನು ಒಂದೊಂದು ಸಮುದ್ರಕ್ಕೆ ಎಸೆಯುತ್ತ ಹೋಗುತ್ತಾನೆ: ದ್ವೇಷದ ಸಮುದ್ರ, ಭಯದ ಸಮುದ್ರ, ಲೋಭದ ಸಮುದ್ರ, ಅಜ್ಞಾನದ ಸಮುದ್ರ. ಅರಿಷಡ್ವರ್ಗದ ಮಾತನ್ನು ಪುರಾಣ ಪ್ರವಚನಗಳಲ್ಲಿ ಕೇಳುತ್ತ ಬೆಳೆದ ನಮಗೆ ಈ ರೂಪಕ ಪರಕೀಯವೆನಿಸುವುದಿಲ್ಲ. ಈ ಹಾಡಿನೊಂದಿಗೆ ನನ್ನದೊಂದು ಹಳೆಯ ಕಥೆಯಿದೆ. ವಿದ್ಯಾರ್ಥಿಯಾಗಿದ್ದಾಗ ಧಾರವಾಡದ ಒಂದು ಕ್ಯಾಸೆಟ್ ಅಂಗಡಿಯಲ್ಲಿ ಎರಡೂ ಭಾಗಗಳನ್ನು 90 ನಿಮಿಷದ ಒಂದೇ ಕ್ಯಾಸೆಟ್ಟಿಗೆ ತುಂಬಿಸಿಕೊಂಡಿದ್ದೆ. ಒಂದು ಬದಿಗೆ 45 ನಿಮಿಷ. ಭಾಗ 1 ಸುಖವಾಗಿ ಕೂತಿತು. ಸುಮಾರು 50 ನಿಮಿಷದ ಭಾಗ 2 ಕೂಡಲಿಲ್ಲ. ಅಂಗಡಿಯವರು ಅದನ್ನು ಹೇಳಲಿಲ್ಲ, ನನಗೂ ಗೊತ್ತಿರಲಿಲ್ಲ. ಹಾಡು ಹಾಗೆ ತಟಕ್ಕನೆ ನಿಲ್ಲುವುದೇ ಅದರ ಮುಕ್ತಾಯವೆಂದೂ, ಬಹಳ ಧೈರ್ಯದ ಮುಕ್ತಾಯವೆಂದೂ ಗೆಳೆಯರ ಮುಂದೆ ವಾದಿಸಿದ್ದೆ. ಕಾವಲುಗಾರ ಏಳನೆಯ ಕೀಲಿಯನ್ನು ಏನು ಮಾಡಿದನೆಂಬುದು ನನಗೆ ತಿಳಿದದ್ದು ಕೆಲವು ವರ್ಷಗಳ ನಂತರ, ಸಿ.ಡಿ. ಕೈಗೆ ಬಂದಾಗ.

ಪರಂಪರೆಯ ಅಳತೆಯಲ್ಲಿ ಕೀಪರ್‌ಗೆ ಸರಿಸಮನಾಗಿ ನಿಲ್ಲುವುದು ಈ ಪಟ್ಟಿಯಲ್ಲಿ ಬೇರೊಂದಿಲ್ಲ. ಭಾಗ 2 ಬಂದ ಕೆಲವೇ ತಿಂಗಳಲ್ಲಿ ಹ್ಯಾನ್ಸೆನ್ ತಂಡ ಬಿಟ್ಟು ಗಾಮಾ ರೇ ಕಟ್ಟಿದರು. ಹೊರಗೆ ಹೋಗಬೇಕೆಂಬ ಹಾಡನ್ನು ಬರೆದವರೇ ಹೊರನಡೆದದ್ದು ಈಗಲೂ ಅಭಿಮಾನಿಗಳ ಹರಟೆಯ ವಸ್ತು. ಅದೇ ‘ಐ ವಾಂಟ್ ಔಟ್’ ಅನ್ನು ಸ್ವೀಡನ್ನಿನ ಹ್ಯಾಮರ್‌ಫಾಲ್, ಫಿನ್‌ಲ್ಯಾಂಡಿನ ಸೊನಾಟಾ ಆರ್ಕ್ಟಿಕಾ ತಂಡಗಳು ಮತ್ತೆ ಹಾಡಿದವು. 2001ರಲ್ಲಿ ಜರ್ಮನಿಯ ಗಾಯಕ ಟೋಬಿಯಾಸ್ ಸಾಮೆಟ್ ಹಲವು ಗಾಯಕರನ್ನು ಕೂಡಿಸಿ ಅವಾಂತೇಸಿಯಾ ಎಂಬ ಮೆಟಲ್ ಸಂಗೀತರೂಪಕವನ್ನು ತಂದಾಗ ಅದರಲ್ಲಿ ಕಿಸ್ಕೆಯೂ ಹ್ಯಾನ್ಸೆನ್ನರೂ ಇದ್ದರು. 1993ರಲ್ಲಿ ಕಿಸ್ಕೆ ತಂಡದಿಂದ ದೂರವಾದರು, 1995ರಲ್ಲಿ ಇಂಗೊ ತೀರಿಕೊಂಡರು. ಆಮೇಲೆ ಎರಡು ದಶಕ ಕಳೆದು, 2017ರಲ್ಲಿ ಹ್ಯಾನ್ಸೆನ್ ಮತ್ತು ಕಿಸ್ಕೆ ಹಳೆಯ ಗೆಳೆಯರೊಂದಿಗೆ ಮತ್ತೆ ವೇದಿಕೆ ಏರಿದರು. ಅವರನ್ನು ಒಳಗೊಂಡ 2021ರ ಆಲ್ಬಮ್ ಜರ್ಮನಿಯ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಒಬ್ಬ ಗುರುವಿನ ಶಿಷ್ಯರು ದೇಶದೇಶಗಳಲ್ಲಿ ಹಬ್ಬಿದ ಬಗೆಯಿದು. ಮುಂದೆ ಹೇಳಲಿರುವ ಆಲ್ಬಮ್‌ಗಳಲ್ಲಿಯೂ ಈ ನೆಂಟಸ್ತನ ಮತ್ತೆ ಮತ್ತೆ ತಲೆಹಾಕುತ್ತದೆ.

ಕಥೆಯೇ ಮುಖ್ಯವೆನ್ನುವವರು ಇಲ್ಲಿಂದ ನೇರವಾಗಿ ಜರ್ಮನಿಯದೇ ಆದ ಬ್ಲೈಂಡ್ ಗಾರ್ಡಿಯನ್ ತಂಡದ ‘ನೈಟ್‌ಫಾಲ್ ಇನ್ ಮಿಡಲ್ ಅರ್ತ್’ (1998) ಕಡೆಗೆ ಹೋಗಬಹುದು. ಇಂಗ್ಲಿಷ್ ಲೇಖಕ ಟೋಲ್ಕಿನ್ ಅವರ ಮರಣಾನಂತರ 1977ರಲ್ಲಿ ಪ್ರಕಟವಾದ ‘ಸಿಲ್ಮರಿಲಿಯನ್’ ಇದರ ಆಧಾರಗ್ರಂಥ: ಕದ್ದೊಯ್ದ ರತ್ನಗಳು, ಅವುಗಳಿಗಾಗಿ ತೊಟ್ಟ ಘೋರ ಶಪಥ, ಆ ಶಪಥದಿಂದಲೇ ನಾಶವಾಗುವ ಕುಲ. ಭೀಷ್ಮಪ್ರತಿಜ್ಞೆಯಿಂದ ಭೀಮನ ಪ್ರತಿಜ್ಞೆಯವರೆಗೆ ಶಪಥಗಳ ಮೇಲೆಯೇ ನಿಂತ ಮಹಾಕಾವ್ಯವನ್ನು ಬಲ್ಲ ನಮಗೆ ಇದರ ತಿರುಳು ಹಿಡಿಯುವುದು ಕಷ್ಟವಾಗದು. ಆಲ್ಬಮ್ಮಿನ ರಚನೆ ಮಾತ್ರ ವಿಶಿಷ್ಟವಾದದ್ದು. ಒಟ್ಟು 22 ತುಣುಕುಗಳಲ್ಲಿ ಅರ್ಧ ಪೂರ್ಣ ಹಾಡುಗಳು. ಉಳಿದರ್ಧ ಮಾತು, ಕತ್ತಿಗಳ ಸಪ್ಪಳ, ಸಣ್ಣ ರಾಗಖಂಡಗಳ ಕೊಂಡಿಗಳು. ಹಾಡಿನ ನಡುವೆ ಇದೇನು ಮಾತು ಎಂದು ಗೊಣಗುವವರಿಗೆ ನಾನು ಗದಗಿನ ಕುಮಾರವ್ಯಾಸನನ್ನು ನೆನಪಿಸುತ್ತೇನೆ. ಗಮಕಿ ಭಾಮಿನಿ ಷಟ್ಪದಿಯ ಪದ್ಯವನ್ನು ಹಾಡಿ ನಿಲ್ಲಿಸಿದಾಗ ವ್ಯಾಖ್ಯಾನಕಾರರು ಎತ್ತಿಕೊಳ್ಳುತ್ತಾರಲ್ಲ, ಆ ಕೆಲಸವನ್ನೇ ಇಲ್ಲಿ ಈ ಕೊಂಡಿಗಳು ಮಾಡುತ್ತವೆ. ವ್ಯಾಖ್ಯಾನವಿಲ್ಲದ ಗಮಕವನ್ನು ಕಾವ್ಯ ಬಲ್ಲವರಷ್ಟೇ ಸವಿಯಬಲ್ಲರು.

ಕಂಠದ ವಿಷಯದಲ್ಲಿ ಈ ತಂಡದ ಗಾಯಕ ಹಾನ್ಸಿ ಕುರ್ಶ್ ಕಿಸ್ಕೆಗೆ ತದ್ವಿರುದ್ಧ. ಅವರ ದನಿಯಲ್ಲಿ ಗರಗಸದ ಮೊನಚಿದೆ. ಅದೇ ದನಿಯನ್ನು ಪದರ ಪದರವಾಗಿ ಮುದ್ರಿಸಿ ಒಂದು ಮೇಳವನ್ನೇ ಸೃಷ್ಟಿಸುತ್ತಾರೆ. ‘ಟೈಮ್ ಸ್ಟ್ಯಾಂಡ್ಸ್ ಸ್ಟಿಲ್’ ಹಾಡಿನಲ್ಲಿ ಸೋಲು ಖಚಿತವೆಂದು ತಿಳಿದೂ ಒಬ್ಬಂಟಿಯಾಗಿ ವೈರಿಯ ಬಾಗಿಲಿಗೆ ಹೋಗಿ ದ್ವಂದ್ವಕ್ಕೆ ಕರೆಯುವ ಅರಸನ ಚಿತ್ರ ಬರುತ್ತದೆ. ಅಲ್ಲಿ ದನಿಯ ಒರಟುತನವೇ ಆಭರಣವಾಗುತ್ತದೆ. ಕಷ್ಟವೆಂದರೆ, ಸಾಹಿತ್ಯ ಕೈಯಲ್ಲಿಲ್ಲದೆ ಮೊದಲ ಸಲ ಕೇಳಿದವರಿಗೆ ಇಲ್ಲಿ ದಟ್ಟ ಕಾಡಿನಲ್ಲಿ ಸಿಕ್ಕಂತಾಗುತ್ತದೆ. ಸುಮಾರು 65 ನಿಮಿಷ ಒಂದೇ ಪಟ್ಟಿಗೆ ಕೂರುವ ವ್ಯವಧಾನ ಬೇಕು. ಹುಬ್ಬಳ್ಳಿಯಿಂದ ಗದಗಿಗೆ ರೈಲಿನಲ್ಲಿ ಹೋಗುವವರಿಗೆ ಆ ವ್ಯವಧಾನ ತಾನಾಗಿ ಒದಗುತ್ತದೆ.

ಹಾರ್ಮೋನಿಯಂ ಅಥವಾ ಕೀಬೋರ್ಡ್ ನುಡಿಸುವವರಿಗೆ ನನ್ನ ಸಲಹೆ ಫಿನ್‌ಲ್ಯಾಂಡಿನ ಸ್ಟ್ರಾಟೋವೇರಿಯಸ್ ತಂಡದ ‘ವಿಷನ್ಸ್’ (1997). ಗಿಟಾರಿನ ಟಿಮೊ ಟೋಲ್ಕಿ ಮತ್ತು ಕೀಬೋರ್ಡಿನ ಯೆನ್ಸ್ ಯೊಹಾನ್ಸನ್ ಇಬ್ಬರ ನಡುವಿನ ಸವಾಲ್–ಜವಾಬ್ ಇದರ ಜೀವಾಳ. ‘ಬ್ಲ್ಯಾಕ್ ಡೈಮಂಡ್’ ಹಾಡಿನ ಆರಂಭದ ಕೀಬೋರ್ಡ್ ಧಾಟಿಯನ್ನು ಒಮ್ಮೆ ಕೇಳಿದವರ ಬೆರಳು ಸುಮ್ಮನಿರುವುದಿಲ್ಲ. ಟಿಮೊ ಕೋಟಿಪೆಲ್ಟೊ ಅವರ ಕಂಠ ಎತ್ತರವಾದದ್ದು, ತೆಳುವಾದದ್ದು, ಕಿಸ್ಕೆಯದರಷ್ಟು ತುಂಬಿಲ್ಲ. ಮುದ್ರಣ ಸ್ವಚ್ಛವಾಗಿದೆ. ಹಾಡುಗಳು ಮಾತ್ರ ಒಂದಕ್ಕೊಂದು ಅಣ್ಣತಮ್ಮಂದಿರಂತೆ ಕಾಣುತ್ತವೆ. ಮೂರನೆಯ ದ್ರುತ್ ಹಾಡಿನ ಹೊತ್ತಿಗೆ ನನಗೆ ಮೊದಲನೆಯದು ಮರೆತಿರುತ್ತದೆ.

ತಬಲಾದವರಿಗೆ ಮತ್ತು ಲಯದ ಹುಚ್ಚಿನವರಿಗೆ ಬ್ರೆಜಿಲ್ಲಿನ ಅಂಗ್ರಾ ತಂಡದ ‘ಹೋಲಿ ಲ್ಯಾಂಡ್’ (1996) ಹೆಚ್ಚು ಒಪ್ಪುತ್ತದೆ. ಇದರ ಬಗ್ಗೆ ನಾನು ಪಕ್ಷಪಾತಿ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಹದಿನಾರನೆಯ ಶತಮಾನದಲ್ಲಿ ಯುರೋಪಿನವರ ಹಡಗುಗಳು ಬ್ರೆಜಿಲ್ಲಿನ ದಡ ಮುಟ್ಟಿದ ಕಾಲ ಇದರ ವಸ್ತು. ಇಟಲಿಯ ಹಳೆಯ ಚರ್ಚ್ ಸಂಗೀತಕಾರ ಪಾಲೆಸ್ಟ್ರೀನಾ ಅವರ ವೃಂದಗಾಯನದಿಂದ ಆಲ್ಬಮ್ ತೆರೆದುಕೊಂಡು, ನಿಧಾನವಾಗಿ ಆ ನೆಲದ ತಾಳವಾದ್ಯಗಳ ಕಡೆ ಹೊರಳುತ್ತದೆ. ಹತ್ತು ನಿಮಿಷ ಮೀರಿದ ‘ಕೆರೊಲಿನಾ ಫೋರ್’ ಹಾಡಿನಲ್ಲಿ ಎರಡೂ ಲೋಕಗಳು ಒಂದೇ ಹಡಗು ಹತ್ತುತ್ತವೆ. ತನ್ನ ಊರಿನ ಲಯವನ್ನು ಬಿಟ್ಟುಕೊಡದೆ ಹೊರಗಿನ ಪ್ರಕಾರವನ್ನು ತನ್ನದಾಗಿಸಿಕೊಳ್ಳುವ ಈ ಬಗೆ, ಉತ್ತರದ ಗಾಯನವನ್ನು ಕನ್ನಡ ನೆಲದಲ್ಲಿ ಬೇರೂರಿಸಿಕೊಂಡ ಧಾರವಾಡದವರಿಗೆ ಹತ್ತಿರದ್ದೆನಿಸಬೇಕು. ಗಾಯಕ ಆಂದ್ರೆ ಮಾತೋಸ್ ಸಂಗೀತ ಸಂಯೋಜನೆಯನ್ನು ಶಾಸ್ತ್ರೀಯವಾಗಿ ಕಲಿತವರು; 2019ರಲ್ಲಿ ಅವರು ತೀರಿಕೊಂಡರು. ಗಿಟಾರಿನ ಕೀಕೊ ಲೋರೇರೊ ಮುಂದೆ ಅಮೆರಿಕದ ಮೆಗಾಡೆತ್ ತಂಡ ಸೇರಿದರು.

ಓಟವನ್ನೇ ಬಯಸಿ ಬಂದವರಿಗೆ ‘ಹೋಲಿ ಲ್ಯಾಂಡ್’ ನಡುವಿನಲ್ಲಿ ಮಂದವೆನಿಸುತ್ತದೆ. ಪಿಯಾನೊ, ಕೊಳಲು, ಸಾವಧಾನದ ಹಾಡುಗಳು ಅಲ್ಲಿ ಹೆಚ್ಚು ಜಾಗ ಪಡೆದಿವೆ. ಅಂಥವರು ಇದೇ ತಂಡದ 1993ರ ‘ಏಂಜಲ್ಸ್ ಕ್ರೈ’ ಹಿಡಿಯುವುದು ಮೇಲು. ಅದನ್ನು ಮುದ್ರಿಸಿದ್ದು ಹ್ಯಾಂಬರ್ಗಿನಲ್ಲಿದ್ದ ಹ್ಯಾನ್ಸೆನ್ ಅವರ ಸ್ಟುಡಿಯೋದಲ್ಲಿ. ಕೀಪರ್ ಘರಾಣೆಯ ಒಂದು ಕೊಂಬೆ ಹೀಗೆ ಬ್ರೆಜಿಲ್ಲಿಗೂ ಚಾಚಿತು.

ಇಟಲಿಯ ರ‍್ಯಾಪ್ಸೊಡಿ ತಂಡದ ‘ಸಿಂಫನಿ ಆಫ್ ಎನ್‌ಚಾಂಟೆಡ್ ಲ್ಯಾಂಡ್ಸ್’ (1998) ಬಗ್ಗೆ ಹೆಚ್ಚು ಹೇಳುವುದಿಲ್ಲ. ಖಡ್ಗ, ಡ್ರ್ಯಾಗನ್, ವೃಂದಗಾನ, ಪಿಟೀಲು, ಎಲ್ಲವೂ ತುಂಬಿ ತುಳುಕುತ್ತವೆ. ಗದಗ, ಹಾವೇರಿಯ ಕಡೆಯ ದೊಡ್ಡಾಟದಲ್ಲಿ ಕಿರೀಟ, ಭುಜಕೀರ್ತಿ, ಅಬ್ಬರದ ಕುಣಿತ ಕಂಡು ಖುಷಿಪಟ್ಟವರು ಇದರ ಅತಿಯನ್ನು ದೋಷವೆಂದು ನೋಡಲಾರರು. ಮಿತಭಾಷಿಗಳು ಹತ್ತು ನಿಮಿಷದಲ್ಲಿ ಎದ್ದು ಹೋಗುತ್ತಾರೆ. ಗಾಮಾ ರೇಯ ‘ಲ್ಯಾಂಡ್ ಆಫ್ ದ ಫ್ರೀ’ (1995) ಕೀಪರ್ ಮೆಚ್ಚಿದವರ ಮುಂದಿನ ಹೆಜ್ಜೆಯೇ ಹೊರತು ಮೊದಲನೆಯದಲ್ಲ. ಅದರ ಒಂದು ಹಾಡಿನಲ್ಲಿ ಕಿಸ್ಕೆ ಅತಿಥಿಯಾಗಿ ಬರುತ್ತಾರೆ. ಆ ಭೇಟಿಯ ಸುಖ ಹಿಂದಿನ ಕಥೆ ಗೊತ್ತಿದ್ದವರಿಗಷ್ಟೇ ಸಿಗುವಂಥದ್ದು.

ಇನ್ನು ವೆಚ್ಚದ ಮಾತು. ಹಣ ಹಾಕುವ ಮನಸ್ಸಿಲ್ಲದವರು ಯೂಟ್ಯೂಬಿನಲ್ಲಿ ಜಾಹೀರಾತು ಸಹಿಸಿಕೊಂಡು ಕೇಳಬಹುದು, ಆದರೆ ‘ನೈಟ್‌ಫಾಲ್’ನಂತಹ ಕೊಂಡಿಗಳ ಆಲ್ಬಮ್ಮಿಗೆ ನಡುನಡುವೆ ಸೋಪಿನ ಜಾಹೀರಾತು ನುಸುಳಿದರೆ ಎಲ್ಲವೂ ಕೆಟ್ಟಿತು, ಅದಕ್ಕಾಗಿಯಾದರೂ ಒಂದು ತಿಂಗಳ ಚಂದಾ ಕಟ್ಟುವುದು ಲೇಸು. ಹಾಡುಗಳ ಕ್ರಮವನ್ನು ಕಲಸುವ (ಶಫಲ್) ಗುಂಡಿಯನ್ನು ಬಂದ್ ಮಾಡಿಡಬೇಕು. ಸಿ.ಡಿ., ಎಲ್.ಪಿ.ಗಳು ನಮ್ಮ ಕಡೆಯ ಅಂಗಡಿಗಳಲ್ಲಿ ಸಿಗುವ ಸಂಭವ ಕಡಿಮೆ, ಹೊರದೇಶದಿಂದ ಬರುವ ಎಲ್.ಪಿ.ಗೆ ಸಾವಿರಗಳಲ್ಲಿ ತೆರಬೇಕು. ಅಷ್ಟು ಹಣವಿದ್ದರೂ ನನ್ನ ಮಾತು ಕೇಳುವುದಾದರೆ ಮೊದಲು ಒಳ್ಳೆಯ ಇಯರ್‌ಫೋನ್ ಕೊಳ್ಳಿ. ಭಾಗ 1ರ ತೆಳುವಾದ ಮಂದ್ರ ಅಗ್ಗದ ಇಯರ್‌ಫೋನಿನಲ್ಲಿ ಇದ್ದೂ ಇಲ್ಲದಂತಾಗುತ್ತದೆ, ಕುರ್ಶ್ ಅವರ ಪದರಗಳು ಒಂದೇ ಗದ್ದಲವಾಗುತ್ತವೆ. ‘ವಿಷನ್ಸ್’ ಮಾತ್ರ ಯಾವುದರಲ್ಲಿ ಕೇಳಿದರೂ ನಡೆಯುತ್ತದೆ.

ದಿನವೂ ಹುಬ್ಬಳ್ಳಿ–ಧಾರವಾಡದ ನಡುವೆ ಚಿಗರಿ ಬಸ್ಸಿನಲ್ಲಿ ಓಡಾಡುತ್ತ, ಹೋಗುವಾಗ ಒಂದು ಆಲ್ಬಮ್ ಮುಗಿಯಬೇಕೆನ್ನುವವರಿಗೆ ಕೀಪರ್ ಭಾಗ 1 ಅಳತೆಗೆ ಸರಿಯಾಗಿದೆ. ಮನೆಯಲ್ಲಿ ಪುಸ್ತಕ ಓದುವ ಅಭ್ಯಾಸವಿದ್ದು, ಸಾಹಿತ್ಯದ ಹಾಳೆಯನ್ನು ಮುಂದಿಟ್ಟುಕೊಳ್ಳಲು ಬೇಸರವಿಲ್ಲದವರು ‘ನೈಟ್‌ಫಾಲ್’ ಆರಿಸಿಕೊಳ್ಳಲಿ. ಮೆಟಲ್ ಎಂದರೆ ಬರೀ ಗದ್ದಲವೆನ್ನುವ ತಂದೆಯೋ ಗುರುಗಳೋ ಮನೆಯಲ್ಲಿದ್ದು, ಅವರೆದುರು ಹಾಕಬೇಕಾದರೆ ‘ಹೋಲಿ ಲ್ಯಾಂಡ್’ ಸುರಕ್ಷಿತ. ಇವು ಯಾವುವೂ ನಿಮ್ಮ ಸಂಗತಿಯಲ್ಲ, ಒಂದನ್ನೇ ಕೊಂಡು ಒಂದನ್ನೇ ಬಹುಕಾಲ ಕೇಳುವುದಿದೆ ಎನ್ನುವುದಾದರೆ ಕೀಪರ್ ಭಾಗ 2 ತೆಗೆದುಕೊಳ್ಳಿ. ಕೊಳ್ಳುವ ಮುನ್ನ ಹಿಂಬದಿಯ ಪಟ್ಟಿಯನ್ನು ಒಮ್ಮೆ ನೋಡಿರಿ: ‘ಸೇವ್ ಅಸ್’ ಎಂಬ ಹಾಡು ಕೆಲವು ಆವೃತ್ತಿಗಳಲ್ಲಿದೆ, ಕೆಲವುಗಳಲ್ಲಿಲ್ಲ. ಬೆಲೆ ಒಂದೇ ಆಗಿದ್ದರೆ ಅದು ಇರುವುದನ್ನೇ ಕೇಳಿ ಪಡೆಯಿರಿ.